ಹಾರ್ನಿಲ್ಲದೆ ಕೇಳಿದ ನಾಲ್ಕು ಸಾಲು

ಸೇಲಂನ ಕಿವಿ ಡಾಕ್ಟರು ನನ್ನನ್ನು ಗಾಜಿನ ಕಿಟಕಿಯಿದ್ದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಶಬ್ದ ಕೇಳಿದಾಗಲೆಲ್ಲ ಒತ್ತಬೇಕು ಎಂದರು. ಮೊದಲು ಬಲಗಿವಿಗೆ ಹಾಕಿದರು, ಒತ್ತಿದೆ. ಆಮೇಲೆ ಎಡಗಿವಿ. ಅವರು ಇನ್ನೂ ಶುರು ಮಾಡಿಲ್ಲ ಎಂದುಕೊಂಡು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾಯುತ್ತಾ ಕೂತೆ. ಕಿಟಕಿಯಾಚೆ ಡಾಕ್ಟರು ಎದ್ದು ನಿಂತದ್ದು ಕಂಡಾಗಲೇ, ಅದು ಶುರುವಾಗಿ ಮುಗಿದೂ ಹೋಗಿದೆ ಎಂದು ನನಗೆ ತಿಳಿದದ್ದು.

“ಎನ್ನ ವೇಲೆ?” ಎಂದರು. ಏನು ಕೆಲಸ ಮಾಡುತ್ತೀರಿ ಅಂತ.

“ಮೈಕ್ ಸೆಟ್, ಸಾರ್. ಸ್ವಂತ ಸೆಟ್.”

ಅವರು ಪೆನ್ನು ಕೆಳಗಿಟ್ಟು ನಕ್ಕರು. ಬೇಸರದ ನಗು ಅದು. ಎಡಗಿವಿ ಹೋಗಿದೆ, ಅದಕ್ಕೆ ಮಾಡುವುದೇನಿಲ್ಲ. ಬಲಗಿವಿ ಅದೇ ದಾರಿ ಹಿಡಿದಿದೆ. ಇನ್ನು ದೊಡ್ಡ ಶಬ್ದದ ಹತ್ತಿರ ನಿಲ್ಲಬೇಡಿ, ನಿಲ್ಲಲೇಬೇಕಾದರೆ ಇದನ್ನು ಇಟ್ಟುಕೊಳ್ಳಿ ಎಂದು ಹಳದಿ ಸ್ಪಂಜಿನ ಎರಡು ಬಿರಡೆ ಕೊಟ್ಟರು. ಬಹಳ ಹೊತ್ತು ದೊಡ್ಡ ಶಬ್ದ ಕೇಳಿದರೆ ಆಮೇಲೆ ಒಂದು ದಿನ ಕಿವಿ ಮಂಕಾಗಿಯೇ ಇರುತ್ತದೆ, ಗಮನಿಸಿದ್ದೀರಾ ಎಂದು ಕೇಳಿದರು. ಗಮನಿಸಿದ್ದೆ. ಮದುವೆ ಮುಗಿಸಿ ಮನೆಗೆ ಬಂದರೆ ಹೆಂಡತಿ ಮಾತಾಡುವುದು ಬಾವಿಯ ಒಳಗಿಂದ ಬಂದ ಹಾಗೆ ಕೇಳುತ್ತಿತ್ತು. ಅದು ದಣಿವು ಎಂದುಕೊಂಡಿದ್ದೆ.

ಬಿರಡೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ, ಕಿವಿಗೆ ಹಾಕಲಿಲ್ಲ. ಮೈಕ್ ಸೆಟ್ಟಿನವನು ಕಿವಿ ಮುಚ್ಚಿಕೊಂಡು ನಿಂತರೆ, ಅಡಿಗೆಯವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಾರು ಕುದಿಸಿದ ಹಾಗೆ. ಯಾರು ನಂಬಿ ಕೆಲಸ ಕೊಡುತ್ತಾರೆ? ಮನೆಯಲ್ಲೂ ಹೇಳಲಿಲ್ಲ. ನಲ್ಲಂಪಳ್ಳಿ ಬಸ್ಸು ಹತ್ತಿ, ಬಲಗಿವಿ ಒಳಗಡೆಗೆ ಬರುವ ಹಾಗೆ ಕಿಟಕಿ ಪಕ್ಕ ಕೂತೆ. ತೊಪ್ಪೂರು ಘಾಟಿ ದಾಟುವವರೆಗೂ ತಲೆಯಲ್ಲಿ ಒಂದೇ ಮಾತು: ಆಯಮ್ಮನ ದನಿಯನ್ನು ನಾನು ಇನ್ನೂ ಕೇಳಿಲ್ಲವಲ್ಲ.

ಕೇಳಿಲ್ಲ ಎಂದರೆ ನಮ್ಮ ಊರಿನವರು ನಗುತ್ತಾರೆ. ಊರಿನವರೆಲ್ಲ ಆಯಮ್ಮ ಎಂದೇ ಕರೆಯುವ ಆ ಗಾಯಕಿಯ ಹಾಡನ್ನು ನಮ್ಮ ಸುತ್ತಿನ ಊರುಗಳಿಗೆಲ್ಲ ಹಂಚಿದವನೇ ನಾನು. ಏಳನೇ ತರಗತಿಗೆ ಸ್ಕೂಲು ಬಿಟ್ಟು ತಾರಮಂಗಲಂನ ಒಬ್ಬ ಮೈಕ್ ಸೆಟ್ ಯಜಮಾನರ ಹತ್ತಿರ ಸೇರಿದ ಮೊದಲ ವಾರ, ಹಾರ್ನು ಕಟ್ಟಲೆಂದು ಹುಣಸೆ ಮರ ಹತ್ತಿದ್ದೆ. ಕಹಳೆಯಂಥ ಆ ತಗಡಿನ ಬಾಯಿಗೂ ನನ್ನ ಎಡಗಿವಿಗೂ ಒಂದು ಮೊಳ ದೂರ. ತಂತಿ ಬಿಗಿಯುತ್ತಾ ಇದ್ದೆ. ಕೆಳಗೆ ಯಜಮಾನರು, ನಾನಿನ್ನೂ ಮೇಲಿದ್ದೇನೆ ಎಂಬುದನ್ನು ಮರೆತು ರೆಕಾರ್ಡ್ ಮೇಲೆ ಮುಳ್ಳು ಇಟ್ಟುಬಿಟ್ಟರು. ಆಯಮ್ಮನ ದನಿ. ಕೈ ಬಿಟ್ಟು ಬೀಳಬೇಕಿತ್ತು, ಬೀಳಲಿಲ್ಲ. ಹಾಡು ಮುಗಿಯುವವರೆಗೂ ಕೊಂಬೆ ತಬ್ಬಿಕೊಂಡು ಕೂತೇ ಇದ್ದೆ. ಇಳಿದ ಮೇಲೆ ಯಜಮಾನರು ಬೈದದ್ದು ಒಂದಕ್ಷರವೂ ಕೇಳಲಿಲ್ಲ. ಬಾಯಿ ಆಡುವುದು ಮಾತ್ರ ಕಂಡಿತು.

ಆಯಮ್ಮ ತಮಿಳಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ನಮ್ಮದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಓದಿದ ಏಳು ವರ್ಷವೂ ತಮಿಳಿನಲ್ಲೇ. ಕನ್ನಡ ಅಕ್ಷರ ಕಲಿತದ್ದು ಕ್ಯಾಸೆಟ್ಟಿನ ಕವರಿನಿಂದ. ಹಾಡು ಬಾಯಿಗೆ ಬರುತ್ತಿತ್ತು, ಕವರಿನಲ್ಲಿ ಅದರ ಮೊದಲ ಸಾಲು ಅಚ್ಚಾಗಿರುತ್ತಿತ್ತು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಹಾಡಿಕೊಳ್ಳುತ್ತಾ ಹೋದೆ. ಹಾಗೆ ಕಲಿತ ಅಕ್ಷರದಲ್ಲೇ ಈಗ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನದೇನೂ ಗೊತ್ತಿಲ್ಲ, ಆದರೆ ಬರೆದದ್ದು ತಪ್ಪಿಲ್ಲ ಎಂಬ ಧೈರ್ಯ ಇದೆ. ಆಯಮ್ಮ ಒಂದು ಅಕ್ಷರವನ್ನೂ ನುಂಗಿ ಹಾಡಿದವರಲ್ಲ.

ನಮ್ಮ ಕಡೆಯ ಮದುವೆಗಳಲ್ಲಿ ಮುದುಕಿಯರು ಸೆಟ್ಟಿನ ಹತ್ತಿರ ಬಂದು, “ಲೇ, ನಮ್ ಬಾಸೆ ಪಾಟ್ ಒಂದ್ ಆಕ್ಲಾ, ಆಯಮ್ಮುಂದು” ಎಂದು ಕನ್ನಡದ ಹಾಡು ಕೇಳುವುದಿತ್ತು. ಈಗಿನ ಹುಡುಗರಿಗೆ ಅದು ಬೇಡ. ಆದರೂ ನಾನು ಪ್ರತಿ ಮದುವೆಯಲ್ಲೂ ಒಂದು ಹಾಕುತ್ತೇನೆ. ಯಾರಾದರೂ ಬೇಡ ಎಂದರೆ, ಸೆಟ್ ನನ್ನದು ಎನ್ನುತ್ತೇನೆ.

ಆದರೆ ಎದುರು ಕೂತು ಕೇಳಿದ್ದಿಲ್ಲ. ಒಮ್ಮೆ ಆಯಮ್ಮ ಸೇಲಂಗೇ ಬಂದಿದ್ದರು. ಅದೇ ಸಂಜೆ ಕಡಯಂಪಟ್ಟಿಯ ಒಂದು ಮದುವೆಯಲ್ಲಿ ನನಗೆ ಸೆಟ್ಟಿನ ಕೆಲಸ. ವೀಳ್ಯದೆಲೆ ಕೈಗೆ ತೆಗೆದುಕೊಂಡ ಮೇಲೆ ಹಿಂದೆ ಸರಿಯುವುದು ನಮ್ಮ ಕಸುಬಿನಲ್ಲಿ ಇಲ್ಲ. ಮುಕ್ಕಾಲು ಗಂಟೆ ದಾರಿಯಾಚೆ ಆಯಮ್ಮ ನಿಜವಾಗಿ ಹಾಡುತ್ತಿದ್ದ ಹೊತ್ತಿನಲ್ಲಿ, ನಾನು ಇಲ್ಲಿ ಅವರ ಕ್ಯಾಸೆಟ್ಟು ಹಾಕಿಕೊಂಡು, ಹೆಣ್ಣಿನ ಕಡೆಯವರಿಗೆ ಮೈಕ್ ಹಿಡಿದು ಕೊಡುತ್ತಿದ್ದೆ. ಇನ್ನೊಮ್ಮೆ ಈರೋಡಿನಲ್ಲಿ, ಅದು ಮಾರಿಯಮ್ಮನ ಹಬ್ಬದ ವಾರ. ಮೈಕ್ ಸೆಟ್ಟಿನವನಿಗೆ ಬಿಡುವಿದ್ದಾಗ ಹಾಡುವವರಿಗೂ ಬಿಡುವು, ಅವರಿಗೆ ಕೆಲಸವಿದ್ದಾಗ ಇವನಿಗೂ ಕೆಲಸ. ವರ್ಷಗಳು ಹಾಗೇ ಹೋದವು. ನನಗೆ ಐವತ್ತು ದಾಟಿತು. ಆಯಮ್ಮ ಸಭೆಗಳಲ್ಲಿ ಹಾಡುವುದನ್ನು ಬಿಟ್ಟಿದ್ದಾರೆ ಎಂದೂ ಕೇಳಿದೆ.

ಡಾಕ್ಟರ ಹತ್ತಿರ ಹೋಗಿ ಬಂದ ಎರಡು ತಿಂಗಳಿಗೆ ಮಗಳು ಫೋನ್ ತಂದು ಮುಖದ ಮುಂದೆ ಹಿಡಿದಳು. ಧರ್ಮಪುರಿ ಕಾಲೇಜಿನಲ್ಲಿ ಓದುವವಳು, ತಮಿಳು ಬಿಟ್ಟರೆ ಇಂಗ್ಲಿಷು ಅವಳಿಗೆ.

“ಅಪ್ಪಾ, ಉನ್ ಆಳು, ನಿಮ್ ಆಯಮ್ಮ. ಮಲೇಷಿಯಾದಲ್ಲಿ ಪಾಡ್ತಾರಂತೆ. ಕಡೇ ಪ್ರೋಗ್ರಾಮ್ ಅಂತ ಹಾಕವ್ರೆ.”

“ಯಾವಾಗಮ್ಮಾ?”

“ಪುರಟಾಸಿಯಲ್ಲಿ.”

ಪುರಟಾಸಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಆಯಮ್ಮನಿಗೆ ಕೆಲಸ, ನನಗೆ ಬಿಡುವು. ಬಲಗಿವಿ ಇನ್ನೂ ಇದೆ. ಯೋಚನೆ ಮಾಡಲು ಉಳಿದದ್ದೇನು? ಟಿಕೆಟ್ಟಿನ ದುಡ್ಡಿಗೆ ಹಳೇ ಜನರೇಟರನ್ನು ಕೇಳಿದವರಿಗೆ ಮಾರಿಬಿಟ್ಟೆ.

ಹೆಂಡತಿ ಮೂರು ದಿನ ನನಗೆ ಅನ್ನ ಬಡಿಸುವಾಗ ತಟ್ಟೆಯನ್ನು ನೆಲಕ್ಕೆ ಬಡಿದೇ ಇಟ್ಟಳು. ಅದು ನನಗೆ ಚೆನ್ನಾಗಿ ಕೇಳುತ್ತಿತ್ತು.

“ಊರೋರೆಲ್ಲಾ ಕೆಲ್ಸಕ್ಕೆ ಫಾರಿನ್ ಓಗ್ತಾರೆ, ನೀನು ಪಾಟ್ ಕೇಳಕ್ಕೆ ಓಗು ಮಾಮ. ಫೋನಲ್ಲಿ ಬರಲ್ವಾ ಆಯಮ್ಮ?”

“ಫೋನಲ್ಲಿ ಬರೋದು ಫೋನ್ ದನಿ ಕಣೇ.”

“ಅಲ್ಲಿ ಮಾತ್ರ? ಅಲ್ಲೂ ನಿನ್ನಂಗೆ ಒಬ್ಬ ಸೆಟ್ ಇಟ್ಕೊಂಡು ಕುಂತಿರ್ತಾನೆ.”

ಅವಳು ಹೇಳಿದ್ದು ಸರಿ. ಆದರೂ ಫೋನಿನಲ್ಲಿ ಕೇಳುವುದೂ ಒಂದೇ ಚಾವಣಿಯ ಕೆಳಗೆ ಕೂತು ಕೇಳುವುದೂ ಒಂದೇ ಅಲ್ಲ ಎಂದು ಮನಸ್ಸು ಹಟ ಹಿಡಿದಿತ್ತು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಒಂದು ಸಾಲು ಹೆಚ್ಚಿಗೆ ಇರುತ್ತದೆ. ಇವನು ಹೊರದೇಶಕ್ಕೆ ಕೂಲಿಗೆ ಹೋಗುವವನಿರಬಹುದು, ಬಿಡುವ ಮುಂಚೆ ವಿಚಾರಿಸಿ ಎಂಬ ಅರ್ಥದ ಸಾಲು. ಕೂಲಿಗೆ ಹೋಗಿ ಮೋಸಹೋಗುವವರನ್ನು ಕಾಯಲಿಕ್ಕೆ ಅದು ಇರುವುದಂತೆ. ಮಗಳು ಮೊದಲೇ ಹೇಳಿದ್ದಳು. ವಾಪಸ್ ಬರುವ ಟಿಕೆಟ್ಟು, ಲಾಡ್ಜಿನ ಚೀಟಿ, ಪ್ರೋಗ್ರಾಮಿನ ಟಿಕೆಟ್ಟು ಎಲ್ಲ ಒಂದು ಫೈಲಿಗೆ ಹಾಕಿಕೊಟ್ಟಿದ್ದಳು. ಫೈಲು ತೋರಿಸು, ಹೆಚ್ಚು ಮಾತಾಡಬೇಡ ಎಂದಿದ್ದಳು.

ತಪ್ಪು ಮಾಡಿದವನು ನಾನೇ. ಮೂವತ್ತೆಂಟು ವರ್ಷದಿಂದ ಹೊರಗೆ ಹೊರಟರೆ ಹೆಗಲಿಗೆ ಸಾಮಾನಿನ ಕ್ಯಾನ್ವಾಸ್ ಚೀಲ ಬರಲೇಬೇಕು. ಕಟಿಂಗ್ ಪ್ಲೇಯರು, ಟೆಸ್ಟರು, ಬೆಸುಗೆ ಕಡ್ಡಿ, ಎರಡು ಸುತ್ತು ಕಪ್ಪು ಟೇಪು, ತುಂಡು ವೈರು. ಮಾವನ ಮನೆಗೆ ಹೋದರೂ ಅದು ಜೊತೆಗಿರುತ್ತದೆ. ಅದರ ಮೇಲೇ ಎರಡು ಅಂಗಿ, ಒಂದು ಪಂಚೆ ಮಡಿಸಿಟ್ಟುಕೊಂಡು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಗೂಡಿನ ಮುಂದೆ ನಿಂತೆ.

“ಏನು ಕೆಲಸಕ್ಕೆ ಹೋಗ್ತಿದೀರಿ?” ಎಂದರು ಒಳಗೆ ಕೂತಿದ್ದ ಅಧಿಕಾರಿ. ಚಿಕ್ಕ ವಯಸ್ಸು.

“ಹಾಡು ಕೇಳೋದಕ್ಕೆ.”

ಅವರು ನನ್ನ ಕೈ ನೋಡಿದರು. ಅಂಗೈಯಲ್ಲಿ ಹಗ್ಗ ಎಳೆದ ಗಂಟು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಟೇಪಿನ ಕಪ್ಪು. ಆಮೇಲೆ ಚೀಲ ನೋಡಿದರು. ತೆಗೆಯಿರಿ ಎಂದರು. ತೆಗೆದೆ.

“ಹಾಡು ಕೇಳೋಕೆ ಹೋಗೋರು ಬೆಸುಗೆ ಕಡ್ಡಿ ತಗೊಂಡು ಹೋಗ್ತಾರಾ?”

ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ದೊಡ್ಡ ಅಧಿಕಾರಿ, ಒಬ್ಬ ಹೆಂಗಸು. ಚಹಾ ಕುಡಿಯುತ್ತಿದ್ದರು. ಫೈಲು ಪೂರ್ತಿ ತಿರುವಿದರು. ಇಂಥ ಫೈಲು ಏಜೆಂಟರೂ ಮಾಡಿಕೊಡುತ್ತಾರೆ ಎಂದರು. ಬಯ್ಯುವ ದನಿಯಲ್ಲ, ಬೇಕಾದಷ್ಟು ಫೈಲು ಕಂಡವರ ದನಿ.

“ಅಷ್ಟು ಇಷ್ಟವಾ ಆ ಗಾಯಕಿ? ಹಾಗಾದ್ರೆ ಅವರ ಒಂದು ಹಾಡು ಹೇಳಿ ನೋಡೋಣ.”

ನನಗೆ ಮೈ ಉರಿಯಿತು. ಆಯಮ್ಮನ ಪ್ರತಿ ಹಾಡಿನ ಪ್ರತಿ ಉಸಿರೂ ನನಗೆ ಗೊತ್ತು. ಆದರೆ ಪರೀಕ್ಷೆಗೆಂದು, ಬಿಟ್ಟುಬಿಡಿ ಎಂದು ಬೇಡಿಕೊಂಡ ಹಾಗೆ ಅದನ್ನು ಹಾಡುವುದೇ?

“ನಾನು ಹಾಡೋನಲ್ಲ ಮೇಡಂ, ಕೇಳೋನು” ಎಂದೆ. ಎಂದ ಮೇಲೆ, ಮುಗಿಯಿತು, ಇಲ್ಲಿಂದಲೇ ಧರ್ಮಪುರಿ ಬಸ್ಸು ಎಂದುಕೊಂಡೆ.

ಅವರು ಫೈಲು ಮುಚ್ಚಿ, ಮನೆಯ ನಂಬರು ಕೇಳಿದರು. ಫೋನು ಹಚ್ಚಿ ಮೇಜಿನ ಮೇಲಿಟ್ಟು, ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿದರು. ಹೆಂಡತಿ ಎತ್ತಿದಳು.

“ಅಮ್ಮಾ, ನಿಮ್ಮ ಯಜಮಾನ್ರು ಮಲೇಷಿಯಾಕ್ಕೆ ಕೆಲಸಕ್ಕೆ ಹೋಗ್ತಿದಾರಾ?”

“ಕೆಲ್ಸಕ್ಕಾ! ಯಾರ್ ತಾಯಿ ನೀನು, ಯಾರ್ ಹೇಳುದ್ರು ನಿಂಗೆ? ಕೆಲ್ಸಕ್ಕೋಗಿದ್ರೆ ನಾನೇ ಆರತಿ ಎತ್ತಿ ಕಳುಸ್ತಿರ್ಲಿಲ್ವಾ? ಪಾಟ್ ಕೇಳಕ್ಕೆ ಓಗೈತೆ. ಮನೆ ಮುಂದಕ್ಕೆ ಶೀಟ್ ಆಕ್ಸು ಅಂತ ಎರಡ್ ವರ್ಸದಿಂದ ಬಾಯಿ ಬಡ್ಕೊಂಡೆ. ಜನ್ರೇಟರ್ ಮಾರ್ಬುಟ್ಟು ಏರೋಪ್ಲೇನ್ ಅತ್ತಕ್ಕೋಗೈತೆ!”

ಗೂಡಿನ ಹುಡುಗ ಅಧಿಕಾರಿ ಗೋಡೆಯ ಕಡೆ ತಿರುಗಿ ನಗುತ್ತಿದ್ದರು. ನಾನು ನೆಲ ನೋಡುತ್ತಾ ನಿಂತಿದ್ದೆ.

“ಹಾಗಾದ್ರೆ ವಾಪಸ್ ಕಳಿಸಿಬಿಡ್ಲಾ ಅಮ್ಮಾ?” ಎಂದರು ದೊಡ್ಡ ಅಧಿಕಾರಿ, ಅವರೂ ನಗುತ್ತಾ.

ಫೋನು ಕಟ್ಟಾಯಿತೇನೋ ಎಂದುಕೊಂಡೆ.

“ಬ್ಯಾಡ ತಾಯಿ” ಎಂದಳು ಆಮೇಲೆ. ದನಿ ಬೇರೆಯಾಗಿತ್ತು. “ಬಿಟ್ಬುಡಿ. ಓಗ್ಲಿ. ಅದುಕ್ಕೆ ಕಿವಿ ಓಯ್ತಾ ಐತೆ. ನಂಗೆ ಗೊತ್ತಿಲ್ಲ ಅನ್ಕೊಂಡೈತೆ.”

ಅಧಿಕಾರಿ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ, ಪಾಸ್‌ಪೋರ್ಟನ್ನು ಹುಡುಗನ ಕೈಗೆ ಕೊಟ್ಟು ತಲೆಯಾಡಿಸಿದರು. ಮುದ್ರೆ ಬಿತ್ತು. ಮುಂದೆ ಚೀಲ ತಪಾಸಣೆ ಮಾಡುವ ಜಾಗದಲ್ಲಿ ಪ್ಲೇಯರು, ಟೆಸ್ಟರು, ಬೆಸುಗೆ ಕಡ್ಡಿಯನ್ನು ಒಂದು ತೊಟ್ಟಿಗೆ ಹಾಕಿಸಿಕೊಂಡರು. ಬೇರೆ ದಿನವಾಗಿದ್ದರೆ ಜಗಳ ಕಾಯುತ್ತಿದ್ದೆ. ಅವತ್ತು ಟೆಸ್ಟರು ತೊಟ್ಟಿಯ ತಳಕ್ಕೆ ಬಿದ್ದ ಸದ್ದೂ ನನ್ನ ತಲೆಗೆ ಹೋಗಲಿಲ್ಲ. ಅವಳಿಗೆ ಯಾವತ್ತಿನಿಂದ ಗೊತ್ತು? ತಟ್ಟೆ ಬಡಿದು ಇಡುತ್ತಿದ್ದದ್ದು ಸಿಟ್ಟಿಗೋ, ನನಗೆ ಕೇಳಲಿ ಅಂತಲೋ?

ಕೌಲಾಲಂಪುರದ ಬಗ್ಗೆ ಕೇಳಿದರೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ. ದೊಡ್ಡ ಗೋಪುರ ಬಸ್ಸಿನಿಂದ ಕಂಡಿತು. ಬೀದಿ ತುಂಬ ತಮಿಳು ಕೇಳಿತು. ಮರುದಿನ ಸಂಜೆ ಏಳಕ್ಕೆ ಪ್ರೋಗ್ರಾಮು. ನಾನು ಮಧ್ಯಾಹ್ನ ಎರಡಕ್ಕೇ ಪ್ರೋಗ್ರಾಮಿನ ಹಾಲ್ ಮುಂದೆ ಇದ್ದೆ. ಅದೂ ಕಸುಬಿನ ಅಭ್ಯಾಸವೇ. ಏಳರ ಮುಹೂರ್ತಕ್ಕೆ ಆರೂವರೆಗೆ ಬರುವವರು ನೆಂಟರು, ಸೆಟ್ಟಿನವನು ಎರಡಕ್ಕೇ ಬರುತ್ತಾನೆ.

ಮುಂಬಾಗಿಲು ಮುಚ್ಚಿತ್ತು. ಹಿಂದೆ ಹೋದರೆ ಲಾರಿ ನಿಂತಿದೆ, ಪೆಟ್ಟಿಗೆ ಇಳಿಸುತ್ತಿದ್ದಾರೆ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಯ ಒಂದು ತುದಿ ಹಿಡಿದು ಒಬ್ಬ ಒದ್ದಾಡುತ್ತಿದ್ದ. “ಅಣ್ಣೇ, ಅಂದ ಪಕ್ಕಂ ಪುಡಿಂಗ!” ಎಂದು ಕೂಗಿದ. ಆ ಕಡೆ ಹಿಡಿ ಅಂತ. ಪೆಟ್ಟಿಗೆ ಬೀಳುವ ಹಾಗಿರುವಾಗ ನಾನು ಯಾರು, ನೀನು ಯಾರು ಎಂದು ಹೇಳುತ್ತಾ ನಿಲ್ಲುವುದಕ್ಕಾಗುತ್ತದೆಯೇ? ಹಿಡಿದೆ. ಹಿಡಿದುಕೊಂಡೇ ಒಳಗೆ ಹೋದೆ. ಇಟ್ಟ ಮೇಲೆ ಇನ್ನೊಂದು. ಆಮೇಲೆ ವೇದಿಕೆಯ ಮೇಲೆ ವೈರು ಸಿಕ್ಕುಗಟ್ಟಿ ಬಿದ್ದಿತ್ತು, ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಬಿಡಿಸಿ, ಮೊಳಕೈಗೆ ಸುತ್ತದೆ, ಒಂದು ಸುತ್ತು ಒಳಗೆ ಒಂದು ಸುತ್ತು ಹೊರಗೆ ಬರುವ ಹಾಗೆ ಕೈಯಲ್ಲೇ ಮಡಿಸತೊಡಗಿದೆ. ಮೇಸ್ತ್ರಿ ಬಂದು ನೋಡಿದ.

“ಎಂದ ಕಂಪನಿ ಅಣ್ಣೇ?” ಯಾವ ಕಂಪನಿಯವರು ಅಂತ.

“ಧರ್ಮಪುರಿ.”

“ಅಪ್ಪಡಿ ಒರು ಕಂಪನಿಯಾ?” ಹಾಗೊಂದು ಕಂಪನಿ ಇದೆಯೇ ಎಂದು ಅವನಿಗೆ ಆಶ್ಚರ್ಯ. ನಾನು ಬಿಡಿಸಿ ಹೇಳಲಿಲ್ಲ. ಅವನು ಕುತ್ತಿಗೆಗೆ ಹಾಕುವ ಒಂದು ಚೀಟಿ ಕೊಟ್ಟ, ಹಾಕಿಕೊಂಡೆ.

ನಾಲ್ಕು ಗಂಟೆಯ ಹೊತ್ತಿಗೆ ವೇದಿಕೆಯ ನಡುವೆ ಮಂಡಿಯೂರಿ ಕೂತು, ಹಾಡುವವರ ಮೈಕಿನ ವೈರನ್ನು ಕಾಲಿಗೆ ತೊಡರದ ಹಾಗೆ ನೆಲಕ್ಕೆ ಟೇಪು ಹಾಕುತ್ತಿದ್ದೆ. ಬಲಗಡೆಯಿಂದ ಯಾರೋ ನಿಧಾನಕ್ಕೆ ನಡೆದು ಬಂದ ಹಾಗಾಯಿತು. ಮೊದಲು ಕಂಡದ್ದು ಕಾಲು. ಕಾಲುಚೀಲ ಹಾಕಿದ, ಊದಿಕೊಂಡ ಸಣ್ಣ ಪಾದ. ಆಮೇಲೆ ಹತ್ತಿಯ ಸೀರೆ, ಹೆಗಲಿಗೆ ಶಾಲು. ತಲೆ ಎತ್ತಲಿಲ್ಲ. ಎತ್ತದೆಯೇ ಆಯಮ್ಮನೆಂದು ಗೊತ್ತಾಯಿತು.

ಕೆಳಗೆ ಯಂತ್ರಗಳ ಮುಂದೆ ಕೂತವರು ಇನ್ನೂ ಮೈಕು ತೆರೆದಿರಲಿಲ್ಲ. ಆಯಮ್ಮನಿಗೆ ಅದು ಗೊತ್ತಿತ್ತೋ ಇಲ್ಲವೋ. ಗಂಟಲು ಸರಿಮಾಡಿಕೊಂಡು, ಯಾರಿಗೂ ಅಲ್ಲದ ಹಾಗೆ, ಹಳೆಯ ಒಂದು ಕನ್ನಡ ಹಾಡನ್ನು ಎತ್ತಿಕೊಂಡರು. ನಾಲ್ಕು ಸಾಲು.

ಅದನ್ನು ಹೇಗೆ ಹೇಳಲಿ? ಸಣ್ಣ ದನಿ. ನಾನು ತಿಳಿದಿದ್ದ ದನಿ ಹುಣಸೆ ಮರದಿಂದ ಹೊರಟು ಮೂರು ಊರು ದಾಟಿ ಹೋಗುವಂಥದ್ದು. ಇದು ಮಗ್ಗುಲಲ್ಲಿ ಮಲಗಿದ ಮಗುವಿಗೆ ಮಾತ್ರ ಸಾಕಾಗುವಷ್ಟಿತ್ತು. ಅಲ್ಲಲ್ಲಿ ಸವೆದಿತ್ತು. ಎರಡನೇ ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಒಂದು ಕ್ಷಣ ನಿಂತಿತು. ರೆಕಾರ್ಡಿನಲ್ಲಿ ಆ ಜಾಗದಲ್ಲಿ ಉಸಿರಿಲ್ಲ, ನನಗೆ ಗೊತ್ತು. ಬಾಯಿ ತೆರೆಯುವಾಗ ತುಟಿ ಬಿಡುವ ಸದ್ದು ಕೂಡ ಕೇಳಿತು. ಅಂಥ ಸದ್ದು ಇರುತ್ತದೆ ಎಂದೇ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಖಾಲಿ ಹಾಲ್, ಯಾರೂ ಉಸಿರೆತ್ತದ ಹೊತ್ತು, ನನ್ನ ಬಲಗಿವಿ ಆ ಕಡೆಗೇ ಇತ್ತು. ಟೇಪಿನ ಸುರುಳಿ ಕೈಯಲ್ಲೇ ಉಳಿಯಿತು.

ನಂತರ ಕೆಳಗಿನವರು ಮೈಕು ತೆರೆದರು. ಅದೇ ದನಿ ನಾಲ್ಕು ಗೋಡೆಗೂ ಬಡಿದು ದೊಡ್ಡದಾಗಿ ಬಂತು. ನನಗೆ ಗೊತ್ತಿದ್ದ ಆಯಮ್ಮ ಮರಳಿ ಬಂದರು.

ಆಗ ಅವರು ಬಗ್ಗಿ ನೋಡಿ, “ತಂಬಿ, ಇನ್ನು ಸ್ವಲ್ಪ ಹಿಂದಕ್ಕೆ ಅಂಟಿಸ್ತೀರಾ? ಕಾಲು ತಾಗುತ್ತೆ” ಎಂದರು. ತಂಬಿ ಎಂದದ್ದು ತಮಿಳು, ಉಳಿದದ್ದು ಕನ್ನಡ. ಬಾಯಿತಪ್ಪಿ ಬಂತೋ ಏನೋ, ಹಾಡಿದ ಗುಂಗಿನಲ್ಲಿ. ನಾನು ಟೇಪು ಕಿತ್ತು ವೈರನ್ನು ಹಿಂದಕ್ಕೆ ಅಂಟಿಸಿದೆ.

ಮಾತಾಡಬಹುದಿತ್ತು. ಅಮ್ಮಾ, ನಾನು ಆಳಲ್ಲ, ನಿಮ್ಮ ಹಾಡು ಕೇಳಲೆಂದೇ ಸಮುದ್ರ ದಾಟಿ ಬಂದೆ ಎನ್ನಬಹುದಿತ್ತು. ತಾರಮಂಗಲಂನ ನಮ್ಮ ಯಜಮಾನರು ಮೊದಲ ದಿನವೇ ಕಲಿಸಿದ್ದರು: ವೇದಿಕೆ ಮೇಲೆ ಹಾಡುವವರ ಹತ್ತಿರ ಮೈಕಿನ ಮಾತು ಬಿಟ್ಟು ಬೇರೆ ಮಾತಾಡಕೂಡದು, ಅವರ ಮನಸ್ಸು ಹಾಡಿನಲ್ಲಿರುತ್ತದೆ. ಟೇಪು ಕೈಯಲ್ಲಿರುವವರೆಗೂ ನಾನು ಸೆಟ್ಟಿನವನೇ. ರಾತ್ರಿ ಟಿಕೆಟ್ಟಿನವನಾಗಿ ಬಂದು ಹೇಳೋಣ ಎಂದುಕೊಂಡು ಇಳಿದು ಹೋದೆ. ಮೇಸ್ತ್ರಿಗೆ ಚೀಟಿ ವಾಪಸ್ ಕೊಟ್ಟು, ಲಾಡ್ಜಿಗೆ ಹೋಗಿ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಮುಂಬಾಗಿಲಿನಿಂದ ಬಂದೆ.

ನನ್ನ ಸೀಟು ಎಡಗಡೆಯ ಸಾಲಿನ ತುದಿ, ನಾನೇ ಹೊತ್ತು ಇಟ್ಟ ಪೆಟ್ಟಿಗೆಯ ನೇರ ಕೆಳಗೆ. ಪಕ್ಕದಲ್ಲಿ ಅಲ್ಲಿನ ಒಬ್ಬ ತಮಿಳರು, ಬಸ್ಸು ಓಡಿಸಿ ಈಗ ಮನೆಯಲ್ಲಿರುವವರು. ಶುರುವಾಗುವ ಮುಂಚೆಯೇ, ನಾನು ಧರ್ಮಪುರಿಯವನೆಂದು ತಿಳಿದು, ನಮ್ಮ ತಾತ ಸೇಲಂ ಕಡೆಯವನೇ ಎಂದು ಕೈ ಹಿಡಿದುಕೊಂಡರು.

ಹಾಡು ಶುರುವಾಯಿತು. ಜೇಬಿನಲ್ಲಿ ಬಿರಡೆಗಳಿದ್ದವು. ಬೆರಳಿಗೆ ಸಿಕ್ಕವು ಕೂಡ. ಇಟ್ಟುಕೊಂಡಿದ್ದರೆ ಹಾಡು ಅರ್ಧ ಕೇಳುತ್ತಿತ್ತು, ಆದರೆ ಕಿವಿ ಉಳಿಯುತ್ತಿತ್ತು. ಅರ್ಧ ಕೇಳಲಿಕ್ಕೆ ಇಷ್ಟು ದೂರ ಬಂದೆನೇ? ಕೈ ತೆಗೆದುಬಿಟ್ಟೆ. ಮೂರು ಗಂಟೆ ಹೊತ್ತು ಆ ಪೆಟ್ಟಿಗೆ ನನ್ನ ಮೇಲೆ ಸುರಿಯಿತು. ಜನ ಎದ್ದು ನಿಂತು ಕುಣಿದರು, ಅತ್ತರು. ಬಸ್ ಡ್ರೈವರ್ ಅಣ್ಣ ಕರವಸ್ತ್ರ ಕಣ್ಣಿಗೊತ್ತಿಕೊಂಡರು. ಆಯಮ್ಮ ಚೆನ್ನಾಗಿ ಹಾಡಿದರು. ಆ ಕನ್ನಡ ಹಾಡಿನ ಎರಡನೇ ಸಾಲಿನಲ್ಲಿ ಉಸಿರು ನಿಂತದ್ದು ಯಾರಿಗೂ ತಿಳಿಯದ ಹಾಗೆ ಕೆಳಗಿನವರು ವಾದ್ಯವನ್ನು ಏರಿಸಿದರು, ಒಳ್ಳೆಯ ಕೆಲಸಗಾರರು. ಎಲ್ಲ ಇತ್ತು. ಆದರೆ ನನ್ನ ಮನಸ್ಸು ಮಧ್ಯಾಹ್ನದ ಆ ಸಣ್ಣ ದನಿಯನ್ನೇ ಹುಡುಕುತ್ತಿತ್ತು. ಇಷ್ಟು ದೊಡ್ಡದರ ಒಳಗೆ ಎಲ್ಲೋ ಅದು ಇದೆ, ಆ ತುಟಿ ಬಿಡುವ ಸದ್ದು, ಆ ಸವೆತ. ಮುಂದಕ್ಕೆ ಬಗ್ಗಿ, ಬಲಗಿವಿ ಚಾಚಿ ಕೂತೆ. ಸಿಗಲಿಲ್ಲ.

ಮುಗಿದ ಮೇಲೆ ಆಯಮ್ಮನನ್ನು ವೇದಿಕೆಯಲ್ಲೇ ಕುರ್ಚಿ ಹಾಕಿ ಕೂರಿಸಿದರು. ಫೋಟೋ ತೆಗೆಸಿಕೊಳ್ಳುವವರು ಸಾಲಾಗಿ ಬರಲಿ ಎಂದರಂತೆ. ಡ್ರೈವರ್ ಅಣ್ಣ ನನ್ನ ತೋಳು ಹಿಡಿದು ಎಳೆದರು. ಏನೋ ಹೇಳುತ್ತಿದ್ದರು. ಬಾವಿಯ ತಳದಿಂದ ಹೇಳಿದ ಹಾಗೆ, ಅದೂ ಇಲ್ಲ, ಬಾಯಿ ಮಾತ್ರ ಆಡುತ್ತಿತ್ತು. ಆಗ ತಿಳಿಯಿತು. ಕಿವಿ ಮುಚ್ಚಿಹೋಗಿದೆ. ಎರಡೂ.

ಸಾಲಿನಿಂದ ಹೊರಗೆ ಬರಬಹುದಿತ್ತು. ಒಂದು ದಿನ ಕಳೆದರೆ ಬಲಗಿವಿ ತಿರುಗಿ ಬರುತ್ತದೆ, ಗೊತ್ತಿತ್ತು. ಆದರೆ ಒಂದು ದಿನ ಕಳೆದರೆ ಆಯಮ್ಮ ಎಲ್ಲಿ? ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಾ ಸಾಲಿನ ಜೊತೆ ಸರಿದೆ. ಅಮ್ಮಾ, ನಾನು ಧರ್ಮಪುರಿಯವನು, ಕನ್ನಡದವನು, ನನ್ನ ಅಕ್ಷರ ನಿಮ್ಮದು.

ನನ್ನ ಸರದಿ ಬಂತು. ಕೈ ಮುಗಿದು ಬಗ್ಗಿದೆ. ಆಯಮ್ಮ ನನ್ನ ಮುಖ ನೋಡಿ, ಏನೋ ನೆನಪಾದವರ ಹಾಗೆ ಹುಬ್ಬು ಮೇಲೆತ್ತಿದರು. ನೆಲದ ಕಡೆ, ಟೇಪು ಹಾಕಿದ್ದ ಜಾಗದ ಕಡೆ ಬೆರಳು ತೋರಿಸಿ ನಕ್ಕರು. ಗುರುತು ಹಿಡಿದಿದ್ದರು. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದರು. ಚಿಕ್ಕದೇನಲ್ಲ, ಸಾಕಷ್ಟು ಉದ್ದದ ಮಾತು. ನಡುವೆ ಒಮ್ಮೆ ನಿಲ್ಲಿಸಿ, ಉತ್ತರಕ್ಕೆ ಕಾದ ಹಾಗೆ ಕಣ್ಣು ನೋಡಿ, ಮತ್ತೆ ಹೇಳಿದರು.

ಕೇಳಲಿಲ್ಲ.

ಅಮ್ಮಾ, ಕಿವಿ ಕೇಳುತ್ತಿಲ್ಲ, ಇನ್ನೊಮ್ಮೆ ಹೇಳಿ ಎನ್ನಬೇಕಿತ್ತು. ಆಯಮ್ಮನ ಎದುರಿನಲ್ಲಿ, ಅವರ ಹಾಡನ್ನು ಇಷ್ಟು ವರ್ಷ ಊರೂರಿಗೆ ಹಂಚಿದ ನಾನು ಕಿವುಡ ಎಂದು ಹೇಳಲು ನಾಲಿಗೆ ಏಳಲಿಲ್ಲ. ಕಟ್ಟಿಕೊಂಡು ಬಂದ ಮಾತೂ ಏಳಲಿಲ್ಲ. ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿದೆ. ಅವರಿಗೆ ಸಂತೋಷವಾಯಿತು, ಮುಖದಲ್ಲಿ ಕಂಡಿತು. ಡ್ರೈವರ್ ಅಣ್ಣ ನನ್ನ ಫೋನಿನಲ್ಲಿ ಫೋಟೋ ತೆಗೆದರು. ಹಿಂದಿನವರು ಒತ್ತಿದರು, ಇಳಿದೆ.

ಊರಿಗೆ ಬಂದ ಮೇಲೆ ಎಲ್ಲರೂ ಫೋಟೋ ನೋಡಿದರು. ಆಯಮ್ಮನ ಕೈ ನನ್ನ ಕೈ ಮೇಲಿದೆ, ಬಾಯಿ ಅರ್ಧ ತೆರೆದಿದೆ. ಏನು ಹೇಳಿದರು ಎಂದು ಟೀ ಅಂಗಡಿಯಲ್ಲಿ ಕೇಳಿದರೆ, “ಊಟ ಆಯ್ತಾ ಅಂದ್ರು” ಎನ್ನುತ್ತೇನೆ. ಮಗಳಿಗೂ ಅದೇ ಹೇಳಿದೆ. ಇನ್ನೊಬ್ಬರಿಗೆ, ಧರ್ಮಪುರಿ ಕಡೆಯೋರು ನಿಯತ್ತಿನವರು ಅಂದ್ರು ಎಂದೂ ಹೇಳಿಬಿಟ್ಟೆ.

ಹೆಂಡತಿ ಮಾತ್ರ ಫೋನನ್ನು ಕೈಗೆ ತೆಗೆದುಕೊಂಡು, ಎರಡು ಬೆರಳಿನಲ್ಲಿ ಚಿತ್ರವನ್ನು ಎಳೆದು ದೊಡ್ಡದು ಮಾಡಿ, ಆಯಮ್ಮನ ಬಾಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಬಲಗಡೆಗೆ ಬಂದು ಕೂತು, ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು.

“ನೀನೇನಂದೆ ಅದುಕ್ಕೆ?”

“ಊಂ ಅಂದೆ.”

“ಏನೋ ಕೇಳಿರ್ಬೇಕು ಕಣ್ ಮಾಮ ಆಯಮ್ಮ. ಕೇಳ್ದಂಗೈತೆ ಮುಖ.”

“ಇರ್ಬೌದು.”

ಅವಳು ಆ ದೊಡ್ಡ ಮಾಡಿದ ಚಿತ್ರವನ್ನು ಹಾಗೇ ನನ್ನ ಮಡಿಲಿಗಿಟ್ಟು ಎದ್ದು ಹೋದಳು. ಈಗಲೂ ಬಿಡುವಾದಾಗ ತೆಗೆದು ನೋಡುತ್ತೇನೆ. ತುಟಿ ನೋಡಿ ಮಾತು ತಿಳಿಯುವುದನ್ನು ಹೇಗೂ ಇನ್ನು ಕಲಿಯಲೇಬೇಕು, ಇದರಿಂದಲೇ ಕಲಿಯೋಣ ಎಂದು ಕೂರುತ್ತೇನೆ. ಆಯಮ್ಮ ನನ್ನನ್ನು ಏನೋ ಕೇಳಿದ್ದಾರೆ. ನಾನು ಆಗಲಿ ಎಂದು ತಲೆಯಾಡಿಸಿ ಬಂದಿದ್ದೇನೆ. ಯಾವುದಕ್ಕೆ ಆಗಲಿ ಎಂದೆನೋ, ಅದಕ್ಕಾಗಿ ಅವರು ಕಾಯುತ್ತಿದ್ದಾರೋ ಏನೋ, ಗೊತ್ತಿಲ್ಲ.